ಸರಿಯಾದ ಪಾಸ್‌ವರ್ಡ್, ಸರಿಯಾದ ಕ್ವೆರಿ, ಆದರೂ ಕಳ್ಳತನ: ಡೇಟಾಬೇಸ್ ಆಡಿಟ್ ಮಾಡುವ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ಲ್ಯಾಬ್ ಸಂಸ್ಥೆಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಗ್ರಾಹಕರೊಬ್ಬರು ಫೋನ್ ಮಾಡಿ ಕೂಗಾಡಿದರು. ಬೆಳಿಗ್ಗೆ ಅವರ ಕೈಗೆ ರಕ್ತಪರೀಕ್ಷೆಯ ವರದಿ ಬಂದಿತ್ತು, ಊಟದ ಹೊತ್ತಿಗೆ ಸಕ್ಕರೆ ಕಾಯಿಲೆಯ ಪುಡಿ ಮಾರುವವನ ಕರೆಯೂ ಬಂದಿತ್ತು. "ನಿಮ್ಮ ಕಡೆಯಿಂದ ಅಲ್ಲದೆ ಇನ್ನೆಲ್ಲಿಂದ ಗೊತ್ತಾಯ್ತು ಅವನಿಗೆ?" ಎನ್ನುವುದು ಅವರ ಪ್ರಶ್ನೆ. ನಾವು ಲಾಗ್ ತೆರೆದು ಕೂತೆವು. ನಮ್ಮಲ್ಲಿ ಇದ್ದದ್ದು ಒಂದೇ ಲಾಗ್, ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಓಡಿದ ಕ್ವೆರಿಗಳದ್ದು (ಡೇಟಾಬೇಸಿಗೆ ಕೇಳುವ ಪ್ರಶ್ನೆಯೇ ಕ್ವೆರಿ). ಕದ್ದವನ ಕ್ವೆರಿಗೆ ನಾವೇ ಹುಡುಕಾಟ ಬೇಗ ಮುಗಿಸುವ ಒಳ್ಳೆಯ ಇಂಡೆಕ್ಸ್ ಹಾಕಿಕೊಟ್ಟಿದ್ದೆವು, ಮೂರು ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಲಾಗಿನಲ್ಲಿ ಅದರ ಸುಳಿವೇ ಇರಲಿಲ್ಲ.

ಆಮೇಲೆ ತಿಳಿದದ್ದು ಸಹೋದ್ಯೋಗಿಯೊಬ್ಬರು ಆಕಸ್ಮಿಕವಾಗಿ ಪಕ್ಕದವನ ಪರದೆ ನೋಡಿದ್ದರಿಂದ. ಸಹಾಯವಾಣಿಯ ಹುಡುಗನೊಬ್ಬ ದಿನಕ್ಕೆ ಮೂವತ್ತು ನಲವತ್ತು ಜನರ ವರದಿ ತೆರೆದು ಫೋನ್ ನಂಬರು ಬರೆದುಕೊಳ್ಳುತ್ತಿದ್ದ. ಲಾಗಿನ್ ಅವನದೇ, ಪಾಸ್‌ವರ್ಡ್ ಸರಿಯಾದದ್ದೇ, ಕ್ವೆರಿ ಅಪ್ಲಿಕೇಷನ್ ದಿನಾ ಓಡಿಸುವಂಥದ್ದೇ. ಬೇಲಿಯೇ ಎದ್ದು ಹೊಲ ಮೇಯುವಾಗ ಫೈರ್‌ವಾಲ್ ಏನು ಮಾಡೀತು?

ಹಾಗಾಗಿ ಆಡಿಟ್ ಎಂದರೆ ಕೆಟ್ಟ ಕ್ವೆರಿ ಹುಡುಕುವುದು ಎಂಬ ಕಲ್ಪನೆಯನ್ನು ಮೊದಲು ಬಿಡಿ. ಹುಡುಕಬೇಕಾದ್ದು ತಾಳೆಯಾಗದ ಕ್ವೆರಿಯನ್ನು. ಈ ಮನುಷ್ಯ, ಈ ಹೊತ್ತಿನಲ್ಲಿ, ಈ ಮಾಹಿತಿ ಕೇಳಿದ್ದಕ್ಕೆ ಅವನ ಕೆಲಸದಲ್ಲಿ ಕಾರಣ ಇದೆಯೇ? ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಸಿಗುವಂತೆ ಮಾಡಲಿಕ್ಕೆ. ಉದಾಹರಣೆಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಹಿಡಿದುಕೊಂಡಿದ್ದೇನೆ. ಉಚಿತ, ನಮ್ಮ ಕಡೆಯ ಸಣ್ಣ ಕಂಪನಿಗಳಲ್ಲಿ ಎಲ್ಲೆಲ್ಲೂ ಇದೆ, ನನಗೆ ಕೈಪಳಗಿದ್ದೂ ಅದೇ. ಬೇರೆಯವಕ್ಕೆ ನಡುವೆ ಒಂದು ಮಾತು ಹೇಳುತ್ತೇನೆ.

ಮೊದಲ ಹೆಜ್ಜೆ: ಕಾಗದ, ಪೆನ್ನು

ಸರ್ವರ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಟೇಬಲ್ಲಿನ ಯಾವ ಕಾಲಂ ಹೊರಗೆ ಹೋದರೆ ನಮಗೆ ನಿದ್ದೆ ಬರುವುದಿಲ್ಲ? ಇನ್ನೂರು ಟೇಬಲ್ ಇರುವ ಡೇಟಾಬೇಸಿನಲ್ಲೂ ಈ ಪಟ್ಟಿ ಸಾಮಾನ್ಯವಾಗಿ ಹತ್ತು ಹದಿನೈದನ್ನು ದಾಟುವುದಿಲ್ಲ. ರೋಗಿಯ ಹೆಸರು, ಮೊಬೈಲ್, ಆಧಾರ್, ಪರೀಕ್ಷೆಯ ಫಲಿತಾಂಶ, ಬ್ಯಾಂಕ್ ಖಾತೆ, ಸಂಬಳ, ಲಾಗಿನ್ ಟೇಬಲ್. ಊರುಗಳ ಪಟ್ಟಿ, ಜಿಎಸ್‌ಟಿ ದರಗಳ ಟೇಬಲ್ ಇವನ್ನೆಲ್ಲ ಕಾಯುವುದು ದಂಡ. ಎಲ್ಲವನ್ನೂ ಲಾಗ್ ಮಾಡುತ್ತೇನೆಂದು ಹೊರಟವರು ಮೂರನೇ ವಾರಕ್ಕೆ ಡಿಸ್ಕ್ ತುಂಬಿ ಆಡಿಟ್ ಅನ್ನೇ ಆಫ್ ಮಾಡಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ಪ್ರತಿ ಸಾಲಿನ ಎದುರು ಇನ್ನೆರಡು ವಿಷಯ ಬರೆಯಿರಿ. ಇದನ್ನು ನೋಡುವ ಕೆಲಸ ಯಾರದು? ಈ ಮಾಹಿತಿಯ ನಕಲು ಬೇರೆಲ್ಲಿ ಇದೆ? ಎರಡನೆಯದು ಜನ ಮರೆಯುವ ಪ್ರಶ್ನೆ. ರಿಪೋರ್ಟಿಗೆಂದು ಮಾಡಿದ ರೆಪ್ಲಿಕಾ (ಮುಖ್ಯ ಸರ್ವರಿನ ಜೊತೆ ತಾನಾಗಿ ಬದಲಾಗುತ್ತಿರುವ ಪ್ರತಿ), ಡೆವಲಪರ್‌ಗಳು ಟೆಸ್ಟಿಂಗಿಗೆ ಇಳಿಸಿಕೊಂಡ ಪ್ರತಿ, ಮಾರ್ಕೆಟಿಂಗಿನವರಿಗೆ ಪ್ರತಿ ಸೋಮವಾರ ಹೋಗುವ ಎಕ್ಸೆಲ್ ಫೈಲು. ಮುಂಬಾಗಿಲಿಗೆ ಕಾವಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟರೆ ಉಪಯೋಗವಿಲ್ಲ.

ಎರಡನೇ ಹೆಜ್ಜೆ: ಕ್ವೆರಿಯ ಹಿಂದೆ ಒಬ್ಬ ಮನುಷ್ಯ ಇರಲಿ

ಆಡಿಟ್ ಹೆಚ್ಚಾಗಿ ಸೋಲುವುದು ಇಲ್ಲಿ. ಲಾಗ್ ಇದೆ, ಸಮಯ ಇದೆ, ಕ್ವೆರಿ ಇದೆ, ಆದರೆ ಬಳಕೆದಾರನ ಜಾಗದಲ್ಲಿ ಯಾವಾಗಲೂ "ಆಪ್ ಯೂಸರ್" ಎಂದೇ ಇರುತ್ತದೆ. ಐವತ್ತು ಜನ ನೌಕರರು ವೆಬ್ ಅಪ್ಲಿಕೇಷನ್ ಮೂಲಕ ಬರುತ್ತಾರೆ, ಅಪ್ಲಿಕೇಷನ್ ಮಾತ್ರ ಡೇಟಾಬೇಸಿಗೆ ಒಂದೇ ಹೆಸರಿನಲ್ಲಿ ಹೋಗುತ್ತದೆ. ನಡುವೆ ಪಿಜಿಬೌನ್ಸರ್‌ನಂಥ ಪೂಲರ್ (ಕೆಲವೇ ಕನೆಕ್ಷನ್ನುಗಳನ್ನು ಎಲ್ಲರಿಗೂ ಹಂಚುವ ತಂತ್ರಾಂಶ) ಇದ್ದರಂತೂ ಯಾರ ಕ್ವೆರಿ ಯಾವ ಕನೆಕ್ಷನ್ನಿನಲ್ಲಿ ಹೋಯಿತು ಎಂಬುದೂ ತಿಳಿಯುವುದಿಲ್ಲ.

ನೇರವಾಗಿ ಡೇಟಾಬೇಸಿಗೆ ಹೋಗುವ ಮನುಷ್ಯರದ್ದು ಸುಲಭ. ಒಬ್ಬರಿಗೆ ಒಂದು ಲಾಗಿನ್, ಅಷ್ಟೇ. "ಪೋಸ್ಟ್‌ಗ್ರೆಸ್" ಎಂಬ, ಎಲ್ಲ ಅಧಿಕಾರವಿರುವ ಸೂಪರ್‌ಯೂಸರ್ ಪಾಸ್‌ವರ್ಡನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡಿದ್ದರೆ ಇವತ್ತೇ ಬದಲಾಯಿಸಿ. ಯಾರಾದರೂ ಕೆಲಸ ಬಿಟ್ಟ ದಿನ ಅವರ ಲಾಗಿನ್ ಮುಚ್ಚುವುದು ಎಚ್‌ಆರ್ ಪಟ್ಟಿಯಲ್ಲೇ ಒಂದು ಸಾಲಾಗಿರಲಿ.

ಅಪ್ಲಿಕೇಷನ್ ಮೂಲಕ ಬರುವವರಿಗೆ ಎರಡು ದಾರಿಗಳಿವೆ. ಒಂದು, ಪ್ರತಿ ಟ್ರಾನ್ಸಾಕ್ಷನ್ (ಒಟ್ಟಾಗಿ ಓಡುವ ಕ್ವೆರಿಗಳ ಗುಂಪು) ಶುರುವಿನಲ್ಲಿ ಅಪ್ಲಿಕೇಷನ್ ನೌಕರನ ಐಡಿಯನ್ನು ಸೆಷನ್ನಿನ ಒಂದು ವೇರಿಯಬಲ್ಲಿನಲ್ಲಿ ಇಡುವುದು. ಇದನ್ನು ಬರಿಯ "ಸೆಟ್" ಆಜ್ಞೆಯಿಂದ ಮಾಡಬೇಡಿ, "ಸೆಟ್ ಲೋಕಲ್" ಬಳಸಿ. ಬರಿಯ ಸೆಟ್ ಮಾಡಿದ್ದು ಟ್ರಾನ್ಸಾಕ್ಷನ್ ಮುಗಿದ ಮೇಲೂ ಕನೆಕ್ಷನ್ನಿಗೆ ಅಂಟಿಕೊಂಡಿರುತ್ತದೆ. ಪೂಲರ್ ಆ ಕನೆಕ್ಷನ್ನನ್ನು ಮುಂದಿನವರಿಗೆ ಕೊಟ್ಟಾಗ ರಮೇಶ ಮಾಡಿದ್ದು ಸುಮಾಳ ತಲೆಗೆ ಬರುತ್ತದೆ. ಆಡಿಟ್ ಇಲ್ಲದಿರುವುದಕ್ಕಿಂತ ತಪ್ಪು ಹೆಸರು ತೋರಿಸುವ ಆಡಿಟ್ ಹೆಚ್ಚು ಅಪಾಯ, ಒಬ್ಬರ ಕೆಲಸವೇ ಹೋಗಬಹುದು. ಎರಡನೆಯ ದಾರಿ ಇನ್ನೂ ಸರಳ: ಕ್ವೆರಿಯ ಜೊತೆಗೇ ಒಂದು ಕಾಮೆಂಟ್ ಸೇರಿಸಿ ಕಳಿಸುವುದು, ಅದರಲ್ಲಿ ನೌಕರನ ಐಡಿ, ಯಾವ ಪುಟ, ಯಾವ ರಿಕ್ವೆಸ್ಟ್ ನಂಬರ್. ಡೇಟಾಬೇಸಿಗೆ ಆ ಕಾಮೆಂಟ್ ಲೆಕ್ಕಕ್ಕಿಲ್ಲ, ಆದರೆ ಕ್ವೆರಿಯ ಪಠ್ಯದ ಜೊತೆ ಲಾಗಿಗೆ ಬಂದು ಕೂರುತ್ತದೆ. ನನ್ನ ಒಲವು ಎರಡನೆಯದರ ಕಡೆ. ಟಿಕೆಟ್ ನಂಬರನ್ನೂ ಅದರಲ್ಲೇ ತುರುಕಬಹುದು, ಮುಂದೆ ತಾಳೆ ನೋಡುವಾಗ ಅದೇ ನಮ್ಮ ಬಂಡವಾಳ.

ಒಂದು ಎಚ್ಚರಿಕೆ. ಪೋಸ್ಟ್‌ಗ್ರೆಸ್‌ನಲ್ಲಿ "ಅಪ್ಲಿಕೇಷನ್ ನೇಮ್" ಎಂಬುದೊಂದಿದೆ, ಅದನ್ನು ಕ್ಲೈಂಟ್ ತನಗಿಷ್ಟ ಬಂದಂತೆ ಹಾಕಿಕೊಳ್ಳಬಹುದು. ಸುಳಿವಾಗಿ ಚೆನ್ನ, ಸಾಕ್ಷಿಯಾಗಿ ನೆಚ್ಚಬೇಡಿ. ಕಾಮೆಂಟ್ ಕೂಡ ಅಷ್ಟೇ, ಅಪ್ಲಿಕೇಷನ್ ಸರ್ವರಿನಿಂದ ಬಂದಾಗ ಮಾತ್ರ ಅದಕ್ಕೆ ಬೆಲೆ.

ಮೂರನೇ ಹೆಜ್ಜೆ: ಪಿಜಿಆಡಿಟ್ ಹಾಕುವುದು

ಪೋಸ್ಟ್‌ಗ್ರೆಸ್‌ನ ಒಳಗೇ "ಲಾಗ್ ಸ್ಟೇಟ್‌ಮೆಂಟ್" ಎಂಬ ಆಯ್ಕೆ ಇದೆ, "ಆಲ್" ಎಂದರೆ ಬಂದ ಕ್ವೆರಿಯನ್ನೆಲ್ಲ ಬರೆಯುತ್ತದೆ. ಆದರೆ ಅದು ಬರೆಯುವುದು ಕೇಳಿದ ಮಾತನ್ನು ಮಾತ್ರ. ಆ ಮಾತು ಕೊನೆಗೆ ಯಾವ ಟೇಬಲ್ ಮುಟ್ಟಿತು ಎಂಬುದು ಅದರಿಂದ ನೇರವಾಗಿ ತಿಳಿಯುವುದಿಲ್ಲ, ಫಂಕ್ಷನ್ನಿನ ಒಳಗೆ ಅಡಗಿದ ಕ್ವೆರಿಯಂತೂ ಕಾಣುವುದೇ ಇಲ್ಲ. ಇದಕ್ಕೆಂದೇ ಪಿಜಿಆಡಿಟ್ ಎಂಬ ಉಚಿತ ಎಕ್ಸ್‌ಟೆನ್ಷನ್ ಇದೆ. "ಸೆಲೆಕ್ಟ್" ಮೇಲೆ, ಅಂದರೆ ಓದುವ ಆಜ್ಞೆಯ ಮೇಲೆ, ತಾನಾಗಿ ಓಡುವ ಟ್ರಿಗರ್ ಹಾಕಿದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಓದುವುದಕ್ಕೆ ಟ್ರಿಗರ್ ಇಲ್ಲ, ಬರೆಯುವುದಕ್ಕೆ, ಅಳಿಸುವುದಕ್ಕೆ ಮಾತ್ರ.

ಮೊದಲು ಪ್ಯಾಕೇಜ್ ಹಾಕಿ, ಸಂರಚನಾ ಫೈಲಿನ "ಶೇರ್ಡ್ ಪ್ರಿಲೋಡ್ ಲೈಬ್ರರೀಸ್" ಸಾಲಿಗೆ ಪಿಜಿಆಡಿಟ್ ಹೆಸರು ಸೇರಿಸಿ. ಇದಕ್ಕೆ ಸರ್ವರ್ ರೀಸ್ಟಾರ್ಟ್ ಬೇಕೇ ಬೇಕು, ರೀಲೋಡ್ ಸಾಲದು. ಭಾನುವಾರ ಬೆಳಗಿನ ಜಾವ ಇಟ್ಟುಕೊಳ್ಳಿ. ಆಮೇಲೆ ಡೇಟಾಬೇಸಿನ ಒಳಗೆ "ಕ್ರಿಯೇಟ್ ಎಕ್ಸ್‌ಟೆನ್ಷನ್" ಕೊಡಿ. ಅಮೆಜಾನ್‌ನ ಆರ್‌ಡಿಎಸ್‌ನಲ್ಲಿದ್ದರೆ ಇದೇ ಕೆಲಸ ಪ್ಯಾರಾಮೀಟರ್ ಗ್ರೂಪಿನಲ್ಲಿ, ಗೂಗಲ್ ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ ಫ್ಲ್ಯಾಗ್ ಮೂಲಕ.

ಪಿಜಿಆಡಿಟ್ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಸೆಷನ್ ಆಡಿಟ್‌ನಲ್ಲಿ "ರೀಡ್, ರೈಟ್, ರೋಲ್, ಡಿಡಿಎಲ್" (ಓದುವುದು, ಬರೆಯುವುದು, ಅನುಮತಿ ಬದಲಿಸುವುದು, ಟೇಬಲ್ ಸೃಷ್ಟಿಸುವುದು-ಬದಲಿಸುವುದು) ಮುಂತಾದ ವರ್ಗಗಳನ್ನು ಕೊಟ್ಟರೆ ಆ ವರ್ಗದ್ದೆಲ್ಲ ಲಾಗ್ ಆಗುತ್ತದೆ. ಆಬ್ಜೆಕ್ಟ್ ಆಡಿಟ್‌ನಲ್ಲಿ ಆಯ್ದ ಟೇಬಲ್ ಮುಟ್ಟಿದ್ದು ಮಾತ್ರ. ಎರಡನ್ನೂ ಬೇರೆ ಬೇರೆ ಜನರಿಗೆ ಬಳಸಿ.

ಅಪ್ಲಿಕೇಷನ್ನಿಗೆ ಆಬ್ಜೆಕ್ಟ್ ಆಡಿಟ್. ಲಾಗಿನ್ ಆಗಲು ಬಾರದ ಒಂದು ರೋಲ್ (ಡೇಟಾಬೇಸಿನ ಒಳಗಿನ ಬಳಕೆದಾರನ ಹೆಸರು) ಸೃಷ್ಟಿಸಿ, "ಆಡಿಟರ್" ಎಂದಿಡಿ. ಪಿಜಿಆಡಿಟ್‌ನ "ರೋಲ್" ಸೆಟ್ಟಿಂಗಿನಲ್ಲಿ ಈ ಹೆಸರು ಕೊಡಿ. ಆಮೇಲೆ ಮೊದಲ ಹೆಜ್ಜೆಯಲ್ಲಿ ಬರೆದ ಪಟ್ಟಿ ನೋಡಿಕೊಂಡು ಆ ಟೇಬಲ್ಲುಗಳ ಸೆಲೆಕ್ಟ್ ಅನುಮತಿಯನ್ನು ಈ ಆಡಿಟರ್‌ಗೆ "ಗ್ರಾಂಟ್" ಮಾಡಿ. ಆಡಿಟರ್ ಏನನ್ನೂ ಓದುವವನಲ್ಲ. ಅವನಿಗೆ ಯಾವುದರ ಮೇಲೆ ಅನುಮತಿ ಇದೆಯೋ ಅದನ್ನು ಬೇರೆ ಯಾರು ಮುಟ್ಟಿದರೂ ಲಾಗ್ ಆಗುತ್ತದೆ. ಈ ಉಪಾಯ ಮೊದಲ ಸಲ ಓದಿದಾಗ ತಲೆ ಕೆರೆದುಕೊಳ್ಳುವಂತಿರುತ್ತದೆ, ಅರ್ಥವಾದ ಮೇಲೆ ಖುಷಿ ಕೊಡುತ್ತದೆ. ಕಾಲಂ ಮಟ್ಟದಲ್ಲೂ ಗ್ರಾಂಟ್ ಕೊಡಬಹುದು. ರೋಗಿ ಟೇಬಲ್ಲಿನ ಮೊಬೈಲ್ ಮತ್ತು ಆಧಾರ್ ಕಾಲಂ ಮಾತ್ರ ಕೊಟ್ಟರೆ, ಬರಿಯ ಐಡಿ ಮತ್ತು ದಿನಾಂಕ ಕೇಳುವ ಸಾವಿರಾರು ಕ್ವೆರಿಗಳು ಲಾಗಿಗೆ ಬರುವುದೇ ಇಲ್ಲ. ಯಾರಾದರೂ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಕಾಲಂ ಎಳೆದರೆ, ಅಥವಾ ಮೊಬೈಲ್ ನಂಬರ್ ಕೊಟ್ಟು ಮನುಷ್ಯನನ್ನು ಹುಡುಕಿದರೆ ಬರುತ್ತದೆ. ನಮಗೆ ಬೇಕಾದ್ದೂ ಅದೇ.

ಮನುಷ್ಯರ ಲಾಗಿನ್‌ಗೆ ಸೆಷನ್ ಆಡಿಟ್. "ಆಲ್ಟರ್ ರೋಲ್" ಮೂಲಕ ಪ್ರತಿ ಡಿಬಿಎ (ಡೇಟಾಬೇಸ್ ನಿರ್ವಾಹಕ), ಪ್ರತಿ ಡೆವಲಪರ್, ಪ್ರತಿ ಅನಲಿಸ್ಟ್‌ನ ಹೆಸರಿಗೆ ರೀಡ್, ರೈಟ್, ರೋಲ್, ಡಿಡಿಎಲ್ ನಾಲ್ಕನ್ನೂ ಹಚ್ಚಿ. ಕೈಯಲ್ಲಿ ಟೈಪ್ ಮಾಡುವ ಮನುಷ್ಯ ದಿನಕ್ಕೆ ಎಷ್ಟು ಕ್ವೆರಿ ಬರೆದಾನು, ನೂರೋ ಇನ್ನೂರೋ. ಲಾಗ್ ಭಾರವಾಗುವುದಿಲ್ಲ. ಹಿರಿಯರಿಗೆ ವಿನಾಯಿತಿ ಕೊಡಬೇಡಿ. ಸಿಟಿಒ ಲಾಗಿನ್‌ಗೂ ಹಚ್ಚಿ, ನಿಮ್ಮದಕ್ಕೂ ಹಚ್ಚಿ.

ಇನ್ನು ಸಣ್ಣಪುಟ್ಟವು. "ಲಾಗ್ ಲೈನ್ ಪ್ರಿಫಿಕ್ಸ್" ಸಾಲಿನಲ್ಲಿ ಸಮಯ, ಬಳಕೆದಾರ, ಡೇಟಾಬೇಸ್, ಬಂದ ವಿಳಾಸ, ಅಪ್ಲಿಕೇಷನ್ ಹೆಸರು, ಪ್ರೋಸೆಸ್ ನಂಬರ್ ಆರೂ ಇರಲಿ. ಕನೆಕ್ಷನ್ ಬಂದದ್ದು, ಹೋದದ್ದು ಎರಡನ್ನೂ ಲಾಗ್ ಮಾಡಿ. ಈಚಿನ ಪಿಜಿಆಡಿಟ್‌ನಲ್ಲಿ "ಲಾಗ್ ರೋಸ್" ಎಂಬ ಸೆಟ್ಟಿಂಗ್ ಇದೆ, ಎಷ್ಟು ಸಾಲು ಬಂತು ಎಂದು ಬರೆಯುತ್ತದೆ. ಮೊದಲಿನಿಂದಲೇ ಆಫ್ ಇರುತ್ತದೆ, ಆನ್ ಮಾಡಿ, ಅದಿಲ್ಲದೆ ಮುಂದಿನ ಅರ್ಧ ಕೆಲಸ ಆಗುವುದಿಲ್ಲ. ಲಾಗ್ ಫೈಲುಗಳನ್ನು ಡೇಟಾ ಇರುವ ಡಿಸ್ಕಿನಲ್ಲೇ ಇಡಬೇಡಿ. ಲಾಗ್ ತುಂಬಿ ಡೇಟಾಬೇಸೇ ನಿಂತರೆ ಆಡಿಟ್ ಹೆಸರೆತ್ತಲು ಬಿಡುವುದಿಲ್ಲ ಯಾರೂ.

"ಲಾಗ್ ಪ್ಯಾರಾಮೀಟರ್" ಎಂಬ ಸೆಟ್ಟಿಂಗ್ ಬಗ್ಗೆ ಮಾತ್ರ ಯೋಚಿಸಿ ನಿರ್ಧರಿಸಿ. ಆನ್ ಮಾಡಿದರೆ ಯಾವ ರೋಗಿಯ ಐಡಿ ಕೇಳಿದರು ಎಂಬುದು ಲಾಗಿಗೆ ಬರುತ್ತದೆ. ಅದಿಲ್ಲದಿದ್ದರೆ "ಯಾರನ್ನೋ ನೋಡಿದ" ಎಂದಷ್ಟೇ ತಿಳಿಯುತ್ತದೆ. ಆದರೆ ಮೊಬೈಲ್ ನಂಬರಿನಿಂದ ಹುಡುಕಿದರೆ ಆ ನಂಬರೂ ಲಾಗಿಗೆ ಬರುತ್ತದೆ, ಅಂದರೆ ಲಾಗೇ ಇನ್ನೊಂದು ಖಜಾನೆಯಾಗುತ್ತದೆ. ನಾನು ಆನ್ ಮಾಡುತ್ತೇನೆ, ಜೊತೆಗೆ ಲಾಗ್ ಓದುವವರ ಪಟ್ಟಿಯನ್ನು ಇಬ್ಬರು ಮೂವರಿಗೆ ಇಳಿಸುತ್ತೇನೆ.

ಬೇರೆ ಡೇಟಾಬೇಸಿನವರಿಗೆ: ಮರಿಯಾಡಿಬಿಯಲ್ಲಿ ಸರ್ವರ್ ಆಡಿಟ್ ಪ್ಲಗಿನ್ ಉಚಿತವಾಗಿ ಸಿಗುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ ಒರಾಕಲ್‌ನ ಆಡಿಟ್ ಪ್ಲಗಿನ್ ಹಣ ಕೊಟ್ಟು ಕೊಳ್ಳುವ ಎಂಟರ್‌ಪ್ರೈಸ್ ಆವೃತ್ತಿಗೆ ಮಾತ್ರ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2008ರ ಆವೃತ್ತಿಯಿಂದ ಆಡಿಟ್ ಒಳಗೇ ಇದೆ. ಒರಾಕಲ್‌ನವರಿಗೆ 12ಸಿ ಆವೃತ್ತಿಯಿಂದ ಯೂನಿಫೈಡ್ ಆಡಿಟಿಂಗ್. ಆಯಾ ಮೆನು ಬೇರೆ, ಯೋಚನೆ ಇದೇ.

ನಾಲ್ಕನೇ ಹೆಜ್ಜೆ: ಲಾಗ್ ಬೇರೆಯವರ ಮನೆಯಲ್ಲಿರಲಿ

ಡೇಟಾಬೇಸಿನ ಸೂಪರ್‌ಯೂಸರ್ ಆದವನು ಪಿಜಿಆಡಿಟ್ ಆಫ್ ಮಾಡಬಲ್ಲ. ಸರ್ವರಿನ ರೂಟ್ ಅಧಿಕಾರ ಇದ್ದವನು ಲಾಗ್ ಫೈಲನ್ನೇ ಅಳಿಸಬಲ್ಲ. ಆದ್ದರಿಂದ ಲಾಗ್ ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಬೇರೆ ಯಂತ್ರಕ್ಕೆ ಹೋಗಬೇಕು. ಆರ್‌ಸಿಸ್‌ಲಾಗ್, ಫ್ಲುಯೆಂಟ್ ಬಿಟ್‌ನಂಥ ಲಾಗ್ ಸಾಗಿಸುವ ಸಾಧನ ಯಾವುದಾದರೂ ಸರಿ. ಆ ಯಂತ್ರದ ಕೀಲಿ ಡಿಬಿಎ ಬಳಿ ಇರಬಾರದು. ನಾನು ಡಿಬಿಎ ಆಗಿಯೇ ಹೇಳುತ್ತಿದ್ದೇನೆ, ಇದರಲ್ಲಿ ಅವಮಾನವೇನಿಲ್ಲ. ನಾಳೆ ಏನಾದರೂ ಆದಾಗ ಮೊದಲು ಸಂಶಯ ಬರುವುದು ನಮ್ಮ ಮೇಲೆ, ನಾವು ಮುಟ್ಟಲಾಗದ ಲಾಗೇ ನಮ್ಮನ್ನು ಉಳಿಸುವುದು. ಒಂದು ಪ್ರತಿ ಅಮೆಜಾನ್ ಎಸ್3ಯ ಆಬ್ಜೆಕ್ಟ್ ಲಾಕ್‌ನಂಥ, ಒಮ್ಮೆ ಬರೆದರೆ ಗಡುವು ಮುಗಿಯುವವರೆಗೆ ಅಳಿಸಲಾಗದ ಜಾಗದಲ್ಲಿರಲಿ.

ಎಷ್ಟು ದಿನ ಇಡಬೇಕು? 2022ರ ಏಪ್ರಿಲ್ 28ರಂದು ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಐಸಿಟಿ (ಕಂಪ್ಯೂಟರ್, ಸಂಪರ್ಕ) ವ್ಯವಸ್ಥೆಗಳ ಲಾಗನ್ನು 180 ದಿನ, ಅದೂ ಭಾರತದ ವ್ಯಾಪ್ತಿಯೊಳಗೆ ಇಡಬೇಕು. ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರಿಗೆ, ಇಲ್ಲವೇ ಅವಕ್ಕೆ ಹೊಂದಿಕೊಂಡ ಸರ್ವರಿಗೆ ಜೋಡಿಸಬೇಕೆಂಬ ಮಾತೂ ಅದರಲ್ಲಿದೆ. ಇದನ್ನು ಜನ ಕಾಗದದ ನಿಯಮ ಎಂದುಕೊಳ್ಳುತ್ತಾರೆ. ಆದರೆ ಅಪ್ಲಿಕೇಷನ್ ಸರ್ವರಿನ ಗಡಿಯಾರ ಡೇಟಾಬೇಸಿನದ್ದಕ್ಕಿಂತ ನಾಲ್ಕು ನಿಮಿಷ ಹಿಂದಿದ್ದಾಗ ಎರಡು ಲಾಗುಗಳನ್ನು ತಾಳೆ ನೋಡಲು ಕೂತು ನೋಡಿ, ಆ ನಿಯಮ ಬರೆದವರ ಮೇಲೆ ಪ್ರೀತಿ ಬರುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಯ ಡಿಪಿಡಿಪಿ ಕಾಯ್ದೆಯ ಅಡಿಯಲ್ಲಿ 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ವೈಯಕ್ತಿಕ ಮಾಹಿತಿಯನ್ನು ಯಾರು ನೋಡಿದರು ಎಂಬ ಲಾಗು, ಅದರ ಮೇಲ್ವಿಚಾರಣೆ ಮತ್ತು ಒಂದು ವರ್ಷದ ಸಂಗ್ರಹ ಕೇಳುತ್ತವೆ. ಈ ಭಾಗ ಜಾರಿಗೆ ಬರಲು ಹದಿನೆಂಟು ತಿಂಗಳ ಸಮಯ ಕೊಟ್ಟಿದ್ದಾರೆ. ತಕ್ಕ ಭದ್ರತೆ ಇಡದಿದ್ದರೆ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ. ಹೊಸದಾಗಿ ಹಾಕುವವರು ಒಂದು ವರ್ಷವನ್ನೇ ಲೆಕ್ಕ ಹಿಡಿಯಿರಿ.

ಕೊನೆಯದಾಗಿ ಒಂದು ನಾಡಿಬಡಿತ. ಹತ್ತು ನಿಮಿಷಕ್ಕೊಮ್ಮೆ ಒಂದು ಗೊತ್ತಿರುವ ಲಾಗಿನ್‌ನಿಂದ ಒಂದು ಗೊತ್ತಿರುವ ಕ್ವೆರಿ ಓಡಿಸಿ, ಅದು ಆಚೆಯ ಯಂತ್ರದ ಲಾಗಿನಲ್ಲಿ ಕಾಣಿಸದಿದ್ದರೆ ಅಲರ್ಟ್ ಬರಲಿ. ಲಾಗ್ ಸದ್ದಿಲ್ಲದೆ ನಿಂತುಹೋಗುವುದು ಬಹಳ ಸಾಮಾನ್ಯ, ಮತ್ತು ಅದು ಯಾವಾಗಲೂ ಆಕಸ್ಮಿಕವೇ ಆಗಿರಬೇಕಿಲ್ಲ.

ಐದನೇ ಹೆಜ್ಜೆ: ಒಂದು ತಿಂಗಳು ಸುಮ್ಮನೆ ನೋಡಿ

ಅಲರ್ಟ್ ಹಾಕುವ ಆತುರ ಬೇಡ. ಕನಿಷ್ಠ ಒಂದು ತಿಂಗಳ ಕೊನೆ ದಾಟುವವರೆಗೆ ಲಾಗ್ ಓದಿ ಅಷ್ಟೇ. ಯಾರು ಎಷ್ಟು ಗಂಟೆಗೆ ಬರುತ್ತಾರೆ, ಎಷ್ಟು ಜನರ ದಾಖಲೆ ನೋಡುತ್ತಾರೆ, ಯಾವ ಯಂತ್ರದಿಂದ. ಬಿಲ್ಲಿಂಗಿನವರು ತಿಂಗಳ ಕೊನೆಯ ಮೂರು ದಿನ ರಾತ್ರಿ ಹನ್ನೊಂದರವರೆಗೆ ಕೂರುತ್ತಾರೆ ಎಂಬುದು ಆಗ ತಿಳಿಯುತ್ತದೆ. ಬೆಳಗಿನ ಜಾವ ಎರಡಕ್ಕೆ ಇಡೀ ರೋಗಿ ಟೇಬಲ್ ಎಳೆಯುವುದು ಬ್ಯಾಕಪ್ ಎಂಬುದೂ. ಈ ತಿಂಗಳಲ್ಲೇ ಯಾರಿಗೂ ನೆನಪಿಲ್ಲದ ಒಂದೆರಡು ಹಳೆಯ ಸ್ಕ್ರಿಪ್ಟುಗಳು ಸಿಕ್ಕೇ ಸಿಗುತ್ತವೆ. ಎಂದೋ ಬಿಟ್ಟುಹೋದ ಎಂಜಿನಿಯರ್ ಹಾಕಿದ್ದು, ಇನ್ನೂ ಅವರ ಜಿಮೇಲ್‌ಗೆ ದಿನಾ ರಿಪೋರ್ಟ್ ಕಳಿಸುತ್ತಿರುವಂಥದ್ದು.

ಆರನೇ ಹೆಜ್ಜೆ: ಯಾವುದನ್ನು ಸಂಶಯದಿಂದ ನೋಡಬೇಕು

ಎಲ್ಲರೂ ಮೊದಲು ಹಾಕುವುದು "ಸಾವಿರಕ್ಕಿಂತ ಹೆಚ್ಚು ಸಾಲು ಬಂದರೆ ಅಲರ್ಟ್" ಎಂಬುದನ್ನು. ಹಾಕಿ, ತಪ್ಪಿಲ್ಲ. "ಕಾಪಿ" ಆಜ್ಞೆಯಿಂದ ಫೈಲಿಗೆ ಇಳಿಸುವುದು, ಬ್ಯಾಕಪ್ ಲಾಗಿನ್ ಅಲ್ಲದವರು ಇಡೀ ಡೇಟಾಬೇಸ್ ನಕಲಿಸುವ ಪಿಜಿಡಂಪ್ ಓಡಿಸುವುದು, ವೇರ್ ಷರತ್ತೇ ಇಲ್ಲದೆ ಇಡೀ ಟೇಬಲ್ ಕೇಳುವುದು, ಇವೆಲ್ಲ ಅದರಲ್ಲಿ ಸಿಗುತ್ತವೆ. ಆದರೆ ನಮ್ಮ ಸಹಾಯವಾಣಿಯ ಹುಡುಗ ಸಿಗುತ್ತಿರಲಿಲ್ಲ. ಅವನ ಪ್ರತಿ ಕ್ವೆರಿಯೂ ಕೊಡುತ್ತಿದ್ದದ್ದು ಒಂದು ಸಾಲು. ಹನಿ ಹನಿಗೂಡಿದರೆ ಹಳ್ಳ ಎನ್ನುವ ಗಾದೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂಥವರಿಗೆ ಬೇರೆ ಅಳತೆ ಬೇಕು. ಪ್ರತಿ ನೌಕರ ದಿನವೊಂದಕ್ಕೆ ಎಷ್ಟು ಬೇರೆ ಬೇರೆ ರೋಗಿಗಳ ದಾಖಲೆ ತೆರೆದ ಎಂದು ಎಣಿಸಿ. ಅದನ್ನು ಎರಡರ ಜೊತೆ ಹೋಲಿಸಿ: ಅವನದೇ ಕಳೆದ ನಾಲ್ಕು ವಾರಗಳ ಮಧ್ಯಕ (ಏರಿಕೆ ಕ್ರಮದಲ್ಲಿಟ್ಟಾಗ ನಡುವೆ ಬರುವ ಸಂಖ್ಯೆ), ಮತ್ತು ಅದೇ ಕೆಲಸ ಮಾಡುವ ಬೇರೆಯವರ ಇವತ್ತಿನ ಮಧ್ಯಕ. ಸರಾಸರಿ ಬೇಡ, ಒಂದು ವಿಪರೀತ ದಿನ ಸರಾಸರಿಯನ್ನು ಕೆಡಿಸುತ್ತದೆ. ತನ್ನದಕ್ಕಿಂತಲೂ ಗುಂಪಿನದಕ್ಕಿಂತಲೂ ಮೂರು ಪಟ್ಟು ದಾಟಿದರೆ ನೋಡಿ. ಮೂರು ಎನ್ನುವುದು ಶುರುವಿಗೆ, ನಿಮ್ಮಲ್ಲಿನ ಗದ್ದಲ ನೋಡಿ ತಿದ್ದಿಕೊಳ್ಳಿ. ಮೊದಲ ದಿನದಿಂದಲೇ ಕದಿಯುತ್ತಿರುವವನ ಸ್ವಂತ ಮಧ್ಯಕವೂ ಕೊಬ್ಬಿರುತ್ತದೆ, ಆದ್ದರಿಂದ ಗುಂಪಿನ ಜೊತೆಗಿನ ಹೋಲಿಕೆಯೊಂದನ್ನೇ ವಾರಕ್ಕೊಮ್ಮೆ ಪ್ರತ್ಯೇಕವಾಗಿ ನೋಡಿ. ಎಲ್ಲಕ್ಕಿಂತ ಗಟ್ಟಿಯಾದದ್ದು ತಾಳೆ. ಅವನು ತೆರೆದ ದಾಖಲೆಗಳಲ್ಲಿ ಎಷ್ಟಕ್ಕೆ ಅವನ ಹೆಸರಿನಲ್ಲಿ ಟಿಕೆಟ್ ಅಥವಾ ಕರೆ ದಾಖಲಾಗಿದೆ? ನಲವತ್ತು ದಾಖಲೆ, ಹನ್ನೆರಡು ಟಿಕೆಟ್ ಎಂದು ಬಂದರೆ ಉಳಿದ ಇಪ್ಪತ್ತೆಂಟು ಯಾಕೆ ಎಂದು ಕೇಳಲು ಯಾವ ಯಂತ್ರಬುದ್ಧಿಯೂ ಬೇಕಿಲ್ಲ. ಇದೆಲ್ಲ ಒಂದು ಸಾಧಾರಣ ಗ್ರೂಪ್ ಬೈ ಕ್ವೆರಿಯ ಕೆಲಸ, ರಾತ್ರಿ ಓಡಿಸಿ ಬೆಳಿಗ್ಗೆ ಒಂದು ಶೀಟಿನಲ್ಲಿ ನೋಡಿದರೆ ಸಾಕು.

ಇದರ ತಿರುಗುಮುರುಗಾದ ಪ್ರಶ್ನೆಯೂ ಇದೆ: ಒಂದೇ ದಾಖಲೆಯನ್ನು ಎಷ್ಟು ಜನ ನೋಡಿದರು? 2008ರ ಮಾರ್ಚ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಗುತ್ತಿಗೆ ನೌಕರರು ಮತ್ತು ಒಬ್ಬ ತರಬೇತಿ ನೌಕರ ಸೇರಿ ಅಧ್ಯಕ್ಷೀಯ ಸ್ಪರ್ಧೆಯಲ್ಲಿದ್ದ ಒಬಾಮಾ, ಕ್ಲಿಂಟನ್, ಮೆಕೇನ್ ಮೂವರ ಪಾಸ್‌ಪೋರ್ಟ್ ಫೈಲುಗಳನ್ನೂ ಇಣುಕಿ ನೋಡಿದ್ದು ಬಯಲಾಯಿತು. ಸಿಕ್ಕಿಬೀಳಲು ಕಾರಣ, ಪ್ರಸಿದ್ಧರ ದಾಖಲೆ ತೆರೆದರೆ ಮೇಲ್ವಿಚಾರಕರಿಗೆ ಸೂಚನೆ ಹೋಗುವ ಸಣ್ಣ ಪಟ್ಟಿಯೊಂದು ಆ ವ್ಯವಸ್ಥೆಯಲ್ಲಿತ್ತು. ಆಮೇಲೆ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ 150 ಜನ ಗಣ್ಯರ ಹೆಸರು ಆರಿಸಿ 2002ರಿಂದ 2008ರವರೆಗಿನ ಲಾಗ್ ಹುಡುಕಿದಾಗ ಅವರಲ್ಲಿ 127 ಜನರ ದಾಖಲೆ ಕನಿಷ್ಠ ಒಮ್ಮೆ ತೆರೆದಿತ್ತು. ಒಬ್ಬರದ್ದಂತೂ 77 ಬಳಕೆದಾರರು ಸೇರಿ 356 ಸಲ ನೋಡಿದ್ದರು. ಲಾಗ್ ಅಷ್ಟೂ ವರ್ಷ ಅಲ್ಲೇ ಬಿದ್ದಿತ್ತು, ಓದಿದವರಿರಲಿಲ್ಲ. ನಿಮ್ಮ ಆಸ್ಪತ್ರೆಗೆ ಸಿನಿಮಾ ನಟರೋ ಶಾಸಕರೋ ದಾಖಲಾದ ವಾರ ಇದೇ ಆಗುತ್ತದೆ. ಅಂಥ ಐಡಿಗಳ ಪಟ್ಟಿ ಮಾಡಿಕೊಳ್ಳಿ. ನೌಕರರೇ ರೋಗಿಗಳಾಗಿ ಬಂದಾಗ ಅವರ ಐಡಿಯನ್ನೂ ಸೇರಿಸಿ, ಸಹೋದ್ಯೋಗಿಯ ವರದಿ ನೋಡುವ ಕುತೂಹಲ ನಟರದ್ದಕ್ಕಿಂತ ಹೆಚ್ಚು.

ಹೊರಗಿನವನು ಅಪ್ಲಿಕೇಷನ್ನಿನ ಬಿರುಕಿನಿಂದ ಒಳಬಂದಿದ್ದರೆ ಚಹರೆ ಬೇರೆ. ಅವನಿಗೆ ಮನೆ ಹೊಸದು, ಮೊದಲು ಕೋಣೆಗಳನ್ನು ಹುಡುಕುತ್ತಾನೆ. ಅಪ್ಲಿಕೇಷನ್ ಲಾಗಿನ್ ಎಂದೂ ಟೇಬಲ್, ಕಾಲಂಗಳ ಪಟ್ಟಿಯಿರುವ "ಇನ್ಫರ್ಮೇಷನ್ ಸ್ಕೀಮಾ" ತಡಕಾಡಿ ಆಧಾರ್ ಎಂಬ ಹೆಸರಿನ ಕಾಲಂ ಎಲ್ಲಿದೆ ಎಂದು ಕೇಳುವುದಿಲ್ಲ. ಅಪ್ಲಿಕೇಷನ್ ಬಳಸುವ ಲೈಬ್ರರಿಯೇ ಶುರುವಿನಲ್ಲಿ ಒಂದಿಷ್ಟು ಹೀಗೆ ಕೇಳುವುದುಂಟು, ಅದನ್ನು ಹಿಂದಿನ ತಿಂಗಳಲ್ಲೇ ಗುರುತಿಸಿಟ್ಟಿರುತ್ತೀರಿ. ಐದು ನಿಮಿಷದಲ್ಲಿ ಇಪ್ಪತ್ತು ಸಿಂಟ್ಯಾಕ್ಸ್ ಎರರ್, "ಪರ್ಮಿಷನ್ ಡಿನೈಡ್" ಸಾಲುಸಾಲಾಗಿ, ಸಾಧಾರಣ ಪುಟದ ಕ್ವೆರಿಯಲ್ಲಿ ಇದ್ದಕ್ಕಿದ್ದಂತೆ ಇನ್ನೊಂದು ಕ್ವೆರಿಯ ಉತ್ತರವನ್ನು ಅಂಟಿಸುವ "ಯೂನಿಯನ್", ಬೇಕೆಂದೇ ತಡಮಾಡಿಸುವ "ಪಿಜಿ ಸ್ಲೀಪ್". ಐಡಿ 1001, 1002, 1003 ಎಂದು ಒಂದೇ ಲಾಗಿನ್ ಸಾಲಾಗಿ ಏರುತ್ತಾ ಹೋಗುವುದು. ಮನುಷ್ಯರು ರೋಗಿಗಳನ್ನು ಕ್ರಮಸಂಖ್ಯೆಯಲ್ಲಿ ನೋಡುವುದಿಲ್ಲ.

ಒಳಗಿನ ಜಾಣರ ದಾರಿ ಇನ್ನೊಂದು. ಕಾವಲಿರುವ ಟೇಬಲ್ಲಿನಿಂದ ಒಮ್ಮೆ ಬೇರೆ ಟೇಬಲ್ಲಿಗೆ ನಕಲು ಮಾಡಿಕೊಂಡು, ಆಮೇಲೆ ನಿಧಾನವಾಗಿ ಆ ನಕಲಿನಿಂದ ಓದುವುದು. ಆಡಿಟರ್‌ಗೆ ಆ ಹೊಸ ಟೇಬಲ್ಲಿನ ಗ್ರಾಂಟ್ ಇಲ್ಲ, ಹಾಗಾಗಿ ಮೊದಲ ಓದು ಬಿಟ್ಟು ಉಳಿದದ್ದು ಆಬ್ಜೆಕ್ಟ್ ಆಡಿಟ್‌ನಲ್ಲಿ ಕಾಣುವುದಿಲ್ಲ. ಮನುಷ್ಯರ ಲಾಗಿನ್‌ಗೆ ಡಿಡಿಎಲ್ ವರ್ಗ ಹಚ್ಚಿ ಎಂದಿದ್ದು ಇದಕ್ಕೇ. ಪೋಸ್ಟ್‌ಗ್ರೆಸ್ 15ರಿಂದ ಹೊಸ ಡೇಟಾಬೇಸುಗಳ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್ಲುಗಳನ್ನಿಡುವ ಸಾಮಾನ್ಯ ಜಾಗ) ಎಲ್ಲರೂ ಟೇಬಲ್ ಸೃಷ್ಟಿಸುವಂತಿಲ್ಲ, ಆದರೆ ಹಳೆಯದರಿಂದ ಮೇಲೇರಿಸಿಕೊಂಡಿದ್ದರೆ ಹಳೆಯ ಸಡಿಲ ಹಾಗೇ ಉಳಿದಿರಬಹುದು. ಟೆಂಪ್ ಟೇಬಲ್ ಅನುಮತಿಯೂ ಮೊದಲಿನಿಂದಲೇ ಎಲ್ಲರಿಗೂ ಇರುತ್ತದೆ, ಬೇಡದವರಿಂದ ಹಿಂತೆಗೆಯಿರಿ. ಇನ್ನು ಗ್ರಾಂಟ್, ಆಲ್ಟರ್ ರೋಲ್, ಪಿಜಿಆಡಿಟ್ ಸೆಟ್ಟಿಂಗ್ ಬದಲಾವಣೆ ಇವು ಯಾವ ಹೊತ್ತಿನಲ್ಲಿ ಬಂದರೂ, ಯಾರು ಮಾಡಿದರೂ ತಕ್ಷಣ ಅಲರ್ಟ್, ಚರ್ಚೆಯಿಲ್ಲ.

ನನಗೆ ಬಹಳ ಇಷ್ಟವಾದ ಉಪಾಯವೊಂದಿದೆ, ಖರ್ಚೂ ಇಲ್ಲ. ಯಾವ ಅಪ್ಲಿಕೇಷನ್ನೂ ಬಳಸದ ಒಂದು ಟೇಬಲ್ ಮಾಡಿ. "ಗ್ರಾಹಕ ಕಾರ್ಡ್ ಹಳೆಯದು" ಎನ್ನುವಂಥ ಬಾಯಲ್ಲಿ ನೀರೂರಿಸುವ ಹೆಸರು, ಒಳಗೆ ಸುಳ್ಳು ಮಾಹಿತಿ, ಓದಲು ಎಲ್ಲರಿಗೂ ಅನುಮತಿ. ಅದರ ಸೆಲೆಕ್ಟ್ ಅನ್ನು ಆಡಿಟರ್‌ಗೂ ಕೊಡಿ. ಬ್ಯಾಕಪ್ ಲಾಗಿನ್ ಬಿಟ್ಟು ಬೇರೆ ಯಾರು ಅದನ್ನು ಓದಿದರೂ ಅವರಿಗೆ ಅಲ್ಲಿ ಕೆಲಸವಿಲ್ಲ. ಇಲಿಬೋನು ಇಟ್ಟ ಹಾಗೆ. ಅದನ್ನು ಇಟ್ಟಿದ್ದೀರೆಂದು ಇಡೀ ತಂಡಕ್ಕೆ ಹೇಳಬೇಡಿ.

ಏಳನೇ ಹೆಜ್ಜೆ: ಗಂಟೆ ಬಾರಿಸಿದಾಗ

ಮೊದಲು ಯಾರನ್ನೂ ಕಳ್ಳ ಎನ್ನಬೇಡಿ. ನಾನು ಒಮ್ಮೆ ರಾತ್ರಿ ಒಂದೂವರೆಗೆ ಎದ್ದು ಹಿಡಿದ "ಕಳ್ಳ", ಹೊಸದಾಗಿ ಸೇರಿದ ಇಂಟರ್ನ್ ಹುಡುಗಿ. ಮರುದಿನದ ಪ್ರೆಸೆಂಟೇಷನ್ನಿಗೆ ಚಾರ್ಟ್ ಮಾಡಲು ಇಡೀ ಟೇಬಲ್ ಇಳಿಸಿಕೊಂಡಿದ್ದಳು. ತಪ್ಪು ಅವಳಿಗೆ ಅಷ್ಟು ಅನುಮತಿ ಕೊಟ್ಟವರದು, ಅಂದರೆ ನನ್ನದೇ.

ಸಂಬಂಧಪಟ್ಟ ಅವಧಿಯ ಲಾಗನ್ನು ಬೇರೆ ಕಡೆ ನಕಲು ಮಾಡಿ, ಆ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಒಂದಕ್ಷರ ಬದಲಾದರೂ ಬೇರೆಯಾಗುವ ಫೈಲಿನ ಬೆರಳಚ್ಚು) ತೆಗೆದು ಬರೆದಿಡಿ. ವಿಷಯ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಕೇಳುತ್ತಾರೆ. ಕ್ವೆರಿ ಇನ್ನೂ ಓಡುತ್ತಿದ್ದರೆ "ಪಿಜಿ ಸ್ಟಾಟ್ ಆಕ್ಟಿವಿಟಿ" ನೋಟವನ್ನು ಉಳಿಸಿಕೊಂಡು ಆಮೇಲೆ ಕನೆಕ್ಷನ್ ಕಡಿಯಿರಿ, ಮೊದಲೇ ಕಡಿದರೆ ಬಂದ ವಿಳಾಸದ ಸುಳಿವು ಕೈಬಿಡಬಹುದು. ರೋಗಿಗಳ ಮಾಹಿತಿ ಹೊರಗೆ ಹರಿಯುತ್ತಿರುವುದು ಖಚಿತವಾಗಿದ್ದರೆ ಮಾತ್ರ ಕಡಿಯುವುದೇ ಮೊದಲು. ಆಮೇಲೆ ತಾಳೆ: ಟಿಕೆಟ್ ಇದೆಯೇ, ಅವತ್ತು ಆ ಮನುಷ್ಯ ಪಾಳಿಯಲ್ಲಿದ್ದನೇ, ವಿಪಿಎನ್ ಲಾಗ್ ಏನು ಹೇಳುತ್ತದೆ. ಇಬ್ಬರು ಕೂತು ನೋಡಿ, ಒಬ್ಬರೇ ಬೇಡ. ಅವನ ಮೇಲಿನವರ ಮೂಲಕ ಕೇಳಿ.

ನಿಜವಾದ ಸೋರಿಕೆ ಎಂದು ಕಂಡರೆ ಗಡಿಯಾರ ನೋಡಿಕೊಳ್ಳಿ. ಸರ್ಟ್-ಇನ್‌ಗೆ ತಿಳಿಸಲು ಗಮನಕ್ಕೆ ಬಂದ ಹೊತ್ತಿನಿಂದ 6 ಗಂಟೆ. ಆ ಆರು ಗಂಟೆಯಲ್ಲಿ ಫಾರಂ ಹುಡುಕುತ್ತಾ ಕೂರದಂತೆ ಯಾರು ಬರೆಯುತ್ತಾರೆ, ಯಾರು ಸಹಿ ಮಾಡುತ್ತಾರೆ ಎಂಬುದನ್ನು ಇವತ್ತೇ ಮೊದಲ ಹೆಜ್ಜೆಯ ಹಾಳೆಯ ಹಿಂಬದಿಗೆ ಬರೆದಿಡಿ.

ಎಂಟನೇ ಹೆಜ್ಜೆ: ನೀವೇ ಕದ್ದು ನೋಡಿ

ಮೂರು ತಿಂಗಳಿಗೊಮ್ಮೆ, ಮೇಲಿನವರ ಲಿಖಿತ ಒಪ್ಪಿಗೆ ಪಡೆದು, ತಂಡದ ಒಬ್ಬರಿಗೆ ಹೇಳಿ: ಈ ವಾರ ಯಾವಾಗಲಾದರೂ, ನಿನಗೆ ತೋಚಿದ ದಾರಿಯಲ್ಲಿ, ಟೆಸ್ಟಿಗೆಂದು ಸೇರಿಸಿದ ಐನೂರು ಸುಳ್ಳು ರೋಗಿಗಳ ನಂಬರ್ ತೆಗೆದುಕೊಂಡು ಬಾ. ಲಾಗ್ ನೋಡುವವರಿಗೆ ಹೇಳಬೇಡಿ.

ನಮ್ಮಲ್ಲಿ ಮೊದಲ ಸಲ ಇದನ್ನು ಮಾಡಿದಾಗ ಸೋಮವಾರ ಶುರು ಮಾಡಿ ಶುಕ್ರವಾರವಾದರೂ ಒಂದು ಅಲರ್ಟ್ ಬರಲಿಲ್ಲ. ಕದಿಯಲು ಹೋದ ಗೆಳೆಯ ಐನೂರರ ಪಟ್ಟಿಯನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ರಿಪೋರ್ಟಿಗೆಂದು ಇದ್ದ ರೆಪ್ಲಿಕಾದಿಂದ ಓದಿದ್ದ. ಆಡಿಟರ್ ರೋಲ್, ಅದರ ಗ್ರಾಂಟುಗಳು, ಲಾಗಿನ್‌ಗಳಿಗೆ ಹಚ್ಚಿದ ಸೆಟ್ಟಿಂಗ್ ಎಲ್ಲವೂ ಮುಖ್ಯ ಸರ್ವರಿನಿಂದ ರೆಪ್ಲಿಕಾಕ್ಕೆ ತಾನಾಗಿ ಬಂದಿದ್ದವು. ಆದರೆ ಶೇರ್ಡ್ ಪ್ರಿಲೋಡ್ ಲೈಬ್ರರೀಸ್ ಸಾಲು ಇರುವುದು ಆಯಾ ಯಂತ್ರದ ಸಂರಚನಾ ಫೈಲಿನಲ್ಲಿ, ಅದು ನಕಲಾಗುವುದಿಲ್ಲ. ರೆಪ್ಲಿಕಾದಲ್ಲಿ ಪಿಜಿಆಡಿಟ್ ಲೋಡೇ ಆಗಿರಲಿಲ್ಲ. ನಾಡಿಬಡಿತದ ಕ್ವೆರಿಯನ್ನೂ ನಾನು ಮುಖ್ಯ ಸರ್ವರಿಗೆ ಮಾತ್ರ ಹಾಕಿದ್ದೆ. ಆ ಭಾನುವಾರ ಬೆಳಗಿನ ಜಾವ ರೆಪ್ಲಿಕಾದ ಫೈಲಿಗೆ ಆ ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿ, ಅದರ ಲಾಗನ್ನೂ ಆಚೆಯ ಯಂತ್ರಕ್ಕೆ ಜೋಡಿಸಿ, ಎರಡನೆಯ ನಾಡಿಬಡಿತ ಶುರು ಮಾಡಿದೆವು.